ದೊಡ್ಡಪ್ಪನ ಪ್ರಶ್ನೆಗೆ ಯೂಕ್ಲಿಡ್ ಹತ್ರ ಉತ್ತರ ಇದೆಯಾ?

ಈ ಸಲ ಯುಗಾದಿಗೆ ತಿಪಟೂರು ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಹೋಳಿಗೆ ಊಟ ಮುಗಿದು, ದೊಡ್ಡಪ್ಪ ಜಗಲಿ ಮೇಲೆ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಒಳಗೆ ಅಡುಗೆಮನೆ ಬಾಗಿಲ ಹತ್ತಿರ ಅವರ ಮಗಳು, ಅಂದರೆ ನನ್ನ ತಂಗಿ, ನನಗೆ ಕಣ್ಸನ್ನೆ ಮಾಡುತ್ತಿದ್ದಳು. 'ಅಣ್ಣ, ನೀನೇ ಮಾತು ತೆಗಿ, ನಿನ್ನ ಮಾತಾದ್ರೆ ಕೇಳ್ತಾರೆ' ಅಂತ ಎರಡು ವಾರದಿಂದ ದುಂಬಾಲು ಬಿದ್ದಿದ್ದಳು. ಮೈಸೂರಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗನನ್ನು ಮದುವೆ ಆಗಬೇಕು ಅಂತಿದ್ದಾಳೆ. ಹುಡುಗ ಒಳ್ಳೆಯವನು, ನಾನೂ ನೋಡಿದ್ದೇನೆ. ಜಾತಿ ಬೇರೆ.

ಮಾತು ತೆಗೆದೆ. ದೊಡ್ಡಪ್ಪ ಕೂಗಾಡಲಿಲ್ಲ. ಅಡಿಕೆ ಕತ್ತರಿಸುತ್ತಲೇ, 'ಅದು ಹೆಂಗಾಗುತ್ತೆ? ಆಗಲ್ಲ' ಅಂದರು. ಕಾರಣ ಕೇಳಿದರೆ, 'ಕಾರಣ ಏನ್ ಕಾರಣ? ಸಂಬಂಧ ಅನ್ನೋದು ನಮ್ಮ ಜನದಲ್ಲೇ ಆಗ್ಬೇಕು. ಅದು ಹಂಗೇ' ಅಂದರು.

ಆಗ ನನಗೊಂದು ಹುಮ್ಮಸ್ಸು ಬಂತು. ಎಂಜಿನಿಯರಿಂಗ್ ಓದಿದವನು ನೋಡಿ, ಸುಮ್ಮನಿರಕ್ಕಾಗಲ್ಲ. 'ದೊಡ್ಡಪ್ಪ, ಕಾರಣ ಇಲ್ಲದೇ ಒಪ್ಪಿಕೊಳ್ಳೋದಕ್ಕೆ ಗಣಿತದಲ್ಲಿ ಸ್ವಯಂಸಿದ್ಧ ಅಂತಾರೆ. ಅದನ್ನ ಯಾರೂ ಸಾಧಿಸಿ ತೋರಿಸಿಲ್ಲ, ನಾವು ಇಟ್ಕೊಂಡಿರೋದು ಅಷ್ಟೇ. ಬೇಡ ಅಂದ್ರೆ ಬದಲಾಯಿಸಬಹುದು. ಬದಲಾಯಿಸಿದವರೂ ಇದ್ದಾರೆ, ಪ್ರಪಂಚ ಏನೂ ಮುಳುಗಲಿಲ್ಲ' ಅಂದೆ.

ದೊಡ್ಡಪ್ಪ ಪಿಯುಸಿ ಸೈನ್ಸ್ ಅರ್ಧಕ್ಕೆ ಬಿಟ್ಟು ಕೊಬ್ಬರಿ ವ್ಯಾಪಾರಕ್ಕಿಳಿದವರು. ಲೆಕ್ಕದಲ್ಲಿ ನನಗಿಂತ ಚುರುಕು. ಅಡಕತ್ತರಿ ಕೆಳಗಿಟ್ಟು ಕೇಳಿದರು: 'ಸರಿ ಕಣೋ. ನಂದು ಪ್ರೂವ್ ಆಗಿಲ್ಲ, ಒಪ್ಕಂಡೆ. ಎಲ್ಲರೂ ಒಂದೇ ಅಂತೀಯಲ್ಲ ನೀನು, ಅದನ್ನ ಪ್ರೂವ್ ಮಾಡು ನೋಡಣ. ಆಗಲ್ಲ ತಾನೆ? ಅಂದ್ಮೇಲೆ ಅದೂ ನೀನು ಇಟ್ಕಂಡಿರೋದೇ ಆಯ್ತು. ನಾನ್ಯಾಕೆ ಬದಲಾಯಿಸ್ಬೇಕು? ನೀನೇ ಬದಲಾಯಿಸ್ಕೋ.'

ನನ್ನ ಬಾಯಿ ಕಟ್ಟಿತು. ಬಾಗಿಲ ಹತ್ತಿರ ನೋಡಿದೆ, ತಂಗಿ ಅಲ್ಲಿರಲಿಲ್ಲ.

ಬೆಂಗಳೂರಿಗೆ ವಾಪಸ್ ಬರುವಾಗ ರೈಲಿನಲ್ಲಿ ಪೂರ್ತಿ ಇದೇ ಯೋಚನೆ. ದೊಡ್ಡಪ್ಪನ ಮಾತು ತಪ್ಪು ಅಂತ ಗೊತ್ತು. ಆದರೆ ಎಲ್ಲಿ ತಪ್ಪು? ನಾನು ಕಲಿತ ಗಣಿತದ ಪ್ರಕಾರ ಅವರ ತರ್ಕದಲ್ಲಿ ಒಂದು ತೂತೂ ಇರಲಿಲ್ಲ. ಆಮೇಲೆ ಎರಡು ಮೂರು ತಿಂಗಳು ರಾತ್ರಿ ಹೊತ್ತು ಕೂತು ಓದಿದೆ. ಓದಿದಷ್ಟೂ ಗೊತ್ತಾಗಿದ್ದೇನೆಂದರೆ, ಜಗಲಿ ಮೇಲೆ ಎರಡು ಬೇರೆ ಬೇರೆ ಸಾಮಾನನ್ನು ಒಂದೇ ಹೆಸರಿನಲ್ಲಿ ಮಾರಲು ಹೋಗಿದ್ದವನು ನಾನೇ.

ಕೋರಿಕೆಯೋ, ಸತ್ಯವೋ?

ಹೈಸ್ಕೂಲಿನ ಗಣಿತ ಪುಸ್ತಕ ನೆನಪಿದೆಯಾ? 'ಸ್ವಯಂಸಿದ್ಧಗಳು' ಮತ್ತು 'ಆಧಾರ ಪ್ರತಿಜ್ಞೆಗಳು' ಅಂತ ಎರಡು ಪದ ಇದ್ದವು. ನಮ್ಮ ಮೇಷ್ಟ್ರು 'ಎರಡೂ ಒಂದೇ, ಪರೀಕ್ಷೆಗೆ ಇಷ್ಟು ಬರೀರಿ' ಅಂತ ಮುಂದಕ್ಕೆ ಹೋಗಿದ್ದರು. ಆ ಎರಡು ಪದಗಳನ್ನೇ ಸ್ವಲ್ಪ ನಿಂತು ನೋಡಿ. ಸ್ವಯಂಸಿದ್ಧ ಅಂದರೆ ತಾನೇ ತಾನಾಗಿ ಸಿದ್ಧವಾದದ್ದು, ನೋಡಿದ ಕೂಡಲೇ ನಿಜ ಅಂತ ಹೊಳೆಯುವಂಥದ್ದು. ಪ್ರತಿಜ್ಞೆ ಅಂದರೆ ನಾವು ಕೈ ಎತ್ತಿ ಒಪ್ಪಿಕೊಳ್ಳುವಂಥದ್ದು. ಒಂದು ತನ್ನಷ್ಟಕ್ಕೆ ನಿಂತಿದೆ, ಇನ್ನೊಂದನ್ನು ನಾವು ನಿಲ್ಲಿಸಿದ್ದೇವೆ. ಗ್ರೀಕ್ ಭಾಷೆಯಲ್ಲೂ ಇದೇ ವ್ಯತ್ಯಾಸ ಇತ್ತು. ಅವರ ಮೊದಲ ಪದದ ಮೂಲ 'ಯೋಗ್ಯ' ಎಂಬ ಅರ್ಥದ್ದು, ಎರಡನೆಯದರ ಅರ್ಥ 'ಕೋರಿಕೆ'. ಸುಮಾರು ಕ್ರಿ.ಪೂ. 300ರಲ್ಲಿ ಯೂಕ್ಲಿಡ್ ತನ್ನ 'ಎಲಿಮೆಂಟ್ಸ್' ಬರೆದಾಗ ಐದು ಆಧಾರ ಪ್ರತಿಜ್ಞೆಗಳನ್ನು ಹೀಗೆ ಕೋರಿಕೆಯಾಗಿಯೇ ಇಟ್ಟ. ಇಷ್ಟನ್ನು ಕೊಡಿ, ಮಿಕ್ಕಿದ್ದನ್ನು ನಾನು ಸಾಧಿಸಿಕೊಡುತ್ತೇನೆ ಅನ್ನುವ ಧಾಟಿ.

ಮೊದಲ ನಾಲ್ಕು ಕೊಡಲು ಯಾರಿಗೂ ತಕರಾರಿರಲಿಲ್ಲ. ಎರಡು ಬಿಂದುಗಳ ನಡುವೆ ಗೆರೆ ಎಳೆಯಬಹುದು, ಎಲ್ಲ ಲಂಬಕೋನಗಳೂ ಸಮ, ಇಂಥವು. ಐದನೆಯದು ಮಾತ್ರ ಉದ್ದುದ್ದ. ಎರಡು ಗೆರೆಗಳನ್ನು ಮೂರನೇ ಗೆರೆಯೊಂದು ಕತ್ತರಿಸಿದಾಗ, ಒಂದು ಪಕ್ಕದ ಒಳಕೋನಗಳ ಮೊತ್ತ ಎರಡು ಲಂಬಕೋನಕ್ಕಿಂತ ಕಡಿಮೆ ಇದ್ದರೆ, ಆ ಎರಡು ಗೆರೆಗಳು ಬೆಳೆಸುತ್ತಾ ಹೋದಾಗ ಅದೇ ಪಕ್ಕದಲ್ಲಿ ಸೇರುತ್ತವೆ. ಓದುವಾಗಲೇ ಉಸಿರು ಕಟ್ಟುತ್ತೆ. ಇದು ಕೋರಿಕೆಯ ಥರ ಇಲ್ಲ, ಸಾಧಿಸಬೇಕಾದ ಪ್ರಮೇಯದ ಥರ ಇದೆ. ಯೂಕ್ಲಿಡ್‌ಗೂ ಒಳಗೊಳಗೆ ಅಳುಕಿತ್ತೋ ಏನೋ, ಮೊದಲ 28 ಪ್ರಮೇಯಗಳನ್ನು ಇದರ ಸಹಾಯವಿಲ್ಲದೆ ಮುಗಿಸಿ, 29ನೆಯದಕ್ಕೆ ಬೇರೆ ದಾರಿಯಿಲ್ಲದೆ ಇದನ್ನು ಹೊರತೆಗೆದ.

ಮುಂದಿನ ಎರಡು ಸಾವಿರ ವರ್ಷ ಗಣಿತಜ್ಞರು ಇದನ್ನು ಉಳಿದ ನಾಲ್ಕರಿಂದ ಸಾಧಿಸಲು ಹೆಣಗಿದರು. ಪರ್ಷಿಯಾದ ಉಮರ್ ಖಯ್ಯಾಮ್ ಕೂಡ ಆ ಸಾಲಿನಲ್ಲಿದ್ದಾನೆ, ನಮಗೆ ಕವಿಯಾಗಿ ಮಾತ್ರ ಗೊತ್ತಿರುವವನು. 1733ರಲ್ಲಿ ಇಟಲಿಯ ಸಾಕ್ಕೇರಿ ಎಂಬ ಪಾದ್ರಿ ಒಂದು ಉಪಾಯ ಮಾಡಿದ. ಐದನೆಯದು ಸುಳ್ಳು ಅಂತಲೇ ಇಟ್ಟುಕೊಳ್ಳೋಣ, ಮುಂದೆ ಎಲ್ಲೋ ಒಂದು ಕಡೆ ವಿರೋಧ ಹುಟ್ಟಲೇಬೇಕಲ್ಲ, ಅಲ್ಲಿ ಹಿಡಿಯೋಣ. ವಿಚಿತ್ರ ಫಲಿತಾಂಶಗಳು ಒಂದರ ಹಿಂದೊಂದು ಬಂದವು, ವಿರೋಧ ಮಾತ್ರ ಬರಲಿಲ್ಲ. ಕೊನೆಗೆ ಆತ ಇದು ಸರಳರೇಖೆಯ ಸ್ವಭಾವಕ್ಕೇ ಒಗ್ಗದ್ದು ಅಂತ ಬರೆದು ಕೈತೊಳೆದುಕೊಂಡ. ಹೊಸ ಜ್ಯಾಮಿತಿಯೊಂದು ಅವನ ಕೈಯಲ್ಲೇ ಇತ್ತು, ಅವನಿಗೆ ಅದು ಕಾಣಲಿಲ್ಲ.

ಕಂಡದ್ದು ಸುಮಾರು ನೂರು ವರ್ಷದ ನಂತರ. ರಷ್ಯಾದ ಕಜಾನ್‌ನಲ್ಲಿ ಲೋಬಚೆವ್‌ಸ್ಕಿ 1829ರಲ್ಲಿ ಪ್ರಕಟಿಸಿದ. ಹಂಗೇರಿಯ ಯಾನೋಶ್ ಬೋಯಾಯ್ ತಾನೇ ಸ್ವತಂತ್ರವಾಗಿ ಕಂಡುಕೊಂಡ. ಈ ಬೋಯಾಯ್ ಕತೆ ನನಗೆ ತುಂಬ ಇಷ್ಟ. ಅವನ ಅಪ್ಪ ಫರ್ಕಶ್ ಕೂಡ ಗಣಿತಜ್ಞ, ಅದೇ ಐದನೇ ಪ್ರತಿಜ್ಞೆಯ ಹಿಂದೆ ಬಿದ್ದು ನೊಂದವನು. ಆ ಸಮಾಂತರ ರೇಖೆಗಳ ಸಹವಾಸ ಬೇಡ, ನನ್ನ ಬದುಕು ಹಾಳಾದ ಹಾಗೆ ನಿನ್ನದೂ ಆಗುತ್ತೆ ಅಂತ ಮಗನಿಗೆ ಕಾಗದ ಬರೆದು ಅಂಗಲಾಚಿದ್ದ. ಮಗ ಕೇಳಲಿಲ್ಲ. ಕೊನೆಗೆ 1832ರಲ್ಲಿ ಮಗನ ಕೆಲಸ ಬೆಳಕಿಗೆ ಬಂದದ್ದು ಅಪ್ಪನ ಪುಸ್ತಕಕ್ಕೆ ಅನುಬಂಧವಾಗಿಯೇ.

ಆ ಅನುಬಂಧದ ಜ್ಯಾಮಿತಿಯಲ್ಲಿ ಒಂದು ಗೆರೆಗೆ ಹೊರಗಿನ ಒಂದು ಬಿಂದುವಿನಿಂದ ಬೇಕಾದಷ್ಟು ಸಮಾಂತರ ಗೆರೆಗಳು. ತ್ರಿಭುಜದ ಕೋನಗಳ ಮೊತ್ತ 180 ಡಿಗ್ರಿಗಿಂತ ಕಡಿಮೆ. ಗೋಳದ ಮೇಲಿನ ಜ್ಯಾಮಿತಿಯಲ್ಲಿ ಇದರ ಉಲ್ಟಾ. ಮಕ್ಕಳ ಗ್ಲೋಬ್ ತಗೊಂಡು ನೋಡಿ, ಸಮಭಾಜಕ ವೃತ್ತದಿಂದ ನೆಟ್ಟಗೆ ಉತ್ತರಕ್ಕೆ ಹೊರಟ ಎರಡು ರೇಖಾಂಶಗಳು ಧ್ರುವದಲ್ಲಿ ಸೇರುತ್ತವೆ. ಸರಿಯಾಗಿ ಆರಿಸಿಕೊಂಡರೆ ಮೂರೂ ಕೋನ 90 ಡಿಗ್ರಿ ಇರುವ ತ್ರಿಭುಜ ಸಿಗುತ್ತದೆ. ಯೂಕ್ಲಿಡ್‌ನ ಜ್ಯಾಮಿತಿಯಲ್ಲಿ ವಿರೋಧವಿಲ್ಲ ಅಂದರೆ ಈ ಹೊಸದರಲ್ಲೂ ಇಲ್ಲ ಎಂದು 1868ರಲ್ಲಿ ಬೆಲ್ಟ್ರಾಮಿ ತೋರಿಸಿಕೊಟ್ಟ ಮೇಲೆ ಆ ಕಡೆಯ ವಾದ ಮುಗಿಯಿತು.

ಇಂಥದ್ದೇ ಒಂದು ನಮ್ಮ ನೆಲದಲ್ಲೂ ಇದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ಋಣ ಸಂಖ್ಯೆ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದ. ಸಾಕ್ಕೇರಿಗೆ ಒಂಬೈನೂರು ವರ್ಷ ಮುಂಚೆ, ಅದೇ 'ಸ್ವಭಾವ' ಅನ್ನುವ ಮಾತು! ಮಹಾವೀರ ತಪ್ಪು ಹೇಳಲಿಲ್ಲ, ಅವನ ಸಂಖ್ಯೆಗಳಲ್ಲಿ ಇಲ್ಲ ಅಂದರೆ ಇಲ್ಲ. 16ನೇ ಶತಮಾನದ ಇಟಲಿಯಲ್ಲಿ ಕಾರ್ಡಾನೊ, ಬೊಂಬೆಲ್ಲಿ ಮುಂತಾದವರು 'ಇದೆ ಅಂತಲೇ ಇಟ್ಟುಕೊಂಡರೆ ಏನಾಗುತ್ತೆ' ಅಂತ ಹೊರಟರು. ಮೈನಸ್ ಒಂದರ ಆ ವರ್ಗಮೂಲ ಇಲ್ಲದೆ ಇವತ್ತು ನಮ್ಮ ಎಲೆಕ್ಟ್ರಿಕಲ್ ಬ್ರ್ಯಾಂಚಿನ ಒಂದು ಪೇಪರನ್ನೂ ಪಾಸ್ ಮಾಡಲಾಗದು.

ಬಿಯರ್ ಲೋಟದ ಜ್ಯಾಮಿತಿ

ಈ ಗಲಾಟೆಯಿಂದ ಗಣಿತ ಕಲಿತ ಪಾಠವನ್ನು ಪೂರ್ತಿ ಬಾಯಿಬಿಟ್ಟು ಹೇಳಿದವನು ಜರ್ಮನಿಯ ಡೇವಿಡ್ ಹಿಲ್ಬರ್ಟ್, 1899ರ ತನ್ನ ಜ್ಯಾಮಿತಿ ಪುಸ್ತಕದಲ್ಲಿ. ಬಿಂದು, ಗೆರೆ, ಸಮತಲ ಎಂಬ ಪದಗಳ ಜಾಗದಲ್ಲಿ ಮೇಜು, ಕುರ್ಚಿ, ಬಿಯರ್ ಲೋಟ ಅಂತ ಹಾಕಿದರೂ ಜ್ಯಾಮಿತಿ ಕೆಡಬಾರದು ಎಂದು ಆತ ಹೇಳುತ್ತಿದ್ದನಂತೆ. ಬಿಂದು ಅಂದರೆ ಏನು ಎಂಬುದು ಮುಖ್ಯವಲ್ಲ, ಅವುಗಳ ನಡುವಿನ ಸಂಬಂಧದ ನಿಯಮ ಮುಖ್ಯ. ಪ್ರೋಗ್ರಾಮರ್‌ಗಳಿಗೆ ಇದು ಥಟ್ಟನೆ ಹಿಡಿಸುತ್ತದೆ. ನಾವು 'ಇಂಟರ್‌ಫೇಸ್' ಅಂತ ಬರೆಯುವುದು ಇದನ್ನೇ. ಒಳಗೆ ಏನಾದರೂ ಇರಲಿ, ಒಪ್ಪಂದದಂತೆ ನಡೆದುಕೊಂಡರೆ ಸಾಕು.

ಇದನ್ನು ಓದಿ ತರ್ಕಶಾಸ್ತ್ರಜ್ಞ ಗಾಟ್ಲೋಬ್ ಫ್ರೇಗೆಗೆ ಕಸಿವಿಸಿ ಆಯಿತು. ಇಬ್ಬರ ನಡುವೆ 1899–1900ರಲ್ಲಿ ಕಾಗದಗಳು ಓಡಾಡಿದವು. ಫ್ರೇಗೆಯ ಮಾತಿನ ಸಾರ ಇಷ್ಟು: ಸ್ವಯಂಸಿದ್ಧಗಳು ಸತ್ಯ, ಸತ್ಯವಾದ್ದರಿಂದಲೇ ಅವುಗಳ ನಡುವೆ ವಿರೋಧ ಇರಲು ಸಾಧ್ಯವಿಲ್ಲ. ಹಿಲ್ಬರ್ಟ್ ಅದನ್ನು ತಿರುಗಿಸಿದ. ಅವುಗಳ ನಡುವೆ ವಿರೋಧವಿಲ್ಲ ಅಂದರೆ ಸಾಕು, ಅವು ಸತ್ಯ, ಅವು ಹೇಳುವ ವಸ್ತುಗಳು ಇವೆ. ನನ್ನ ಇಡೀ ಸಮಸ್ಯೆ ಈ ಒಂದು ಜಗಳದಲ್ಲಿದೆ ಅಂತ ಅವತ್ತು ರಾತ್ರಿ ಅನ್ನಿಸಿತು. ಜಗಲಿ ಮೇಲೆ ನಾನು ಹಿಲ್ಬರ್ಟ್ ಥರ ಮಾತಾಡಿದ್ದೆ. ಮನಸ್ಸಿನಲ್ಲಿ ಮಾತ್ರ ಫ್ರೇಗೆ ಥರ, ಎಲ್ಲರೂ ಸಮಾನರು ಅನ್ನೋದು ಸತ್ಯ ಅಂತಲೇ ನಂಬಿದ್ದೆ. ದೊಡ್ಡಪ್ಪ ಆ ಸಂದಿಯಲ್ಲಿ ಸರಿಯಾಗಿ ಕೈ ಹಾಕಿದ್ದರು.

ಗಣಿತದಲ್ಲಿ ಹಿಲ್ಬರ್ಟ್ ಗೆದ್ದ ಅನ್ನಬಹುದು. (ವಿರೋಧವಿಲ್ಲ ಅನ್ನುವುದನ್ನು ಗಣಿತದ ಒಳಗಿಂದಲೇ ಸಾಧಿಸಿಬಿಡುತ್ತೇನೆ ಎಂಬ ಅವನ ಆಸೆಗೆ 1931ರಲ್ಲಿ ಗೋಡೆಲ್ ತಣ್ಣೀರು ಎರಚಿದ, ಅದು ಬೇರೆಯೇ ಕತೆ.) ನನ್ನ ದಿನನಿತ್ಯದ ಕೆಲಸದಲ್ಲೇ ನೋಡಿ. ಪಿಯಾನೊ 1889ರಲ್ಲಿ ಎಣಿಕೆಯ ಸಂಖ್ಯೆಗಳಿಗೆ ಕೊಟ್ಟ ಸ್ವಯಂಸಿದ್ಧಗಳ ಪ್ರಕಾರ ಎಣಿಕೆ ಯಾವತ್ತೂ ಮುಗಿಯುವುದಿಲ್ಲ, ಒಂದು ಕೂಡಿಸುತ್ತಾ ಹೋದರೆ ಮುಂದೆ ಹೋಗುತ್ತಲೇ ಇರುತ್ತೀರಿ. ಜಾವಾದ 'ಇಂಟ್'ನಲ್ಲಿ 2147483647ಕ್ಕೆ ಒಂದು ಕೂಡಿಸಿ. ಮೈನಸ್ 2147483648 ಬರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಇದರಿಂದ ಒಂದು ವಾರ ನಿದ್ದೆಗೆಟ್ಟಿದ್ದೇನೆ. ಆದರೂ ಅದು ತಪ್ಪು ಗಣಿತವಲ್ಲ. ಗಡಿಯಾರದಲ್ಲಿ ಹನ್ನೆರಡಾದ ಮೇಲೆ ಒಂದು ಬಂದ ಹಾಗೆ, ನಿಯಮ ಬೇರೆ. ಪಿಯಾನೊ ನಿಜವೋ ಜಾವಾ ನಿಜವೋ ಅಂತ ಯಾರೂ ಮಚ್ಚು ಹಿಡಿದು ಹೋಗಲ್ಲ. ಇದಕ್ಕೆ ಇದು, ಅದಕ್ಕೆ ಅದು.

ಈಗ ತತ್ವಶಾಸ್ತ್ರಕ್ಕೆ ಬನ್ನಿ. ಅಲ್ಲಿ 'ಇದಕ್ಕೆ ಇದು, ಅದಕ್ಕೆ ಅದು' ನಡೆಯುವುದಿಲ್ಲ. ಸ್ಪಿನೋಜಾ ತೀರಿಕೊಂಡ ವರ್ಷ, 1677ರಲ್ಲಿ ಪ್ರಕಟವಾದ ಅವನ 'ಎಥಿಕ್ಸ್' ಪಕ್ಕಾ ಯೂಕ್ಲಿಡ್ ಮಾದರಿಯಲ್ಲಿದೆ. ವ್ಯಾಖ್ಯೆ, ಸ್ವಯಂಸಿದ್ಧ, ಪ್ರಮೇಯ, ಸಾಧನೆ. ದೇವರಿಂದ ಹಿಡಿದು ಮನುಷ್ಯನ ಕೋಪ ತಾಪದವರೆಗೂ ಎಲ್ಲವೂ ಅದೇ ಅಚ್ಚಿನಲ್ಲಿ. ಸೊಗಸಾದ ಪುಸ್ತಕ. ಆದರೆ ಯೂಕ್ಲಿಡ್‌ನ ಪುಸ್ತಕ ಮುಚ್ಚುವಾಗ ಓದುಗರೆಲ್ಲ ಒಪ್ಪುವ ಹಾಗೆ ಇದನ್ನು ಮುಚ್ಚುವಾಗ ಒಪ್ಪುವುದಿಲ್ಲ. ತಕರಾರು ಸಾಧನೆಗಳ ಮಧ್ಯದಲ್ಲಿ ಹುಟ್ಟುವುದಕ್ಕಿಂತ ಹೆಚ್ಚಾಗಿ ಮೊದಲ ಪುಟದಲ್ಲೇ ಹುಟ್ಟುತ್ತದೆ. ಕಾಂಟ್ 1781ರಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟ, ಗಣಿತದವರ ಅರ್ಥದ ಸ್ವಯಂಸಿದ್ಧ ತತ್ವಶಾಸ್ತ್ರಕ್ಕೆ ಇಲ್ಲವೇ ಇಲ್ಲ, ಆ ವೇಷ ಹಾಕಲು ಹೋಗಬಾರದು ಅಂತ. (ಅದೇ ಕಾಂಟ್ ಯೂಕ್ಲಿಡ್‌ನ ಜ್ಯಾಮಿತಿ ಮಾತ್ರ ನಮ್ಮ ಅನುಭವದ ಜಗತ್ತಿಗೆ ಅನಿವಾರ್ಯ ಅಂದುಕೊಂಡಿದ್ದ. ದೊಡ್ಡವರೂ ಎಡವುತ್ತಾರೆ.)

ನಮ್ಮ ದರ್ಶನಗಳವರು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕರು ಅನ್ನಿಸುತ್ತದೆ. ಅವರು ಮೊದಲು ಜಗಳ ಆಡುವುದೇ ಪ್ರಮಾಣದ ಬಗ್ಗೆ, ಅಂದರೆ ಏನನ್ನು ಆಧಾರ ಅಂತ ಒಪ್ಪಬೇಕು ಎಂಬುದರ ಬಗ್ಗೆ. ಚಾರ್ವಾಕರಿಗೆ ಪ್ರತ್ಯಕ್ಷ ಒಂದೇ. ದಿಙ್ನಾಗನ ಬೌದ್ಧರಿಗೆ ಎರಡು. ಉಡುಪಿಯ ಮಧ್ವಾಚಾರ್ಯರಿಗೆ ಪ್ರತ್ಯಕ್ಷ, ಅನುಮಾನ, ಆಗಮ ಎಂದು ಮೂರು. ನ್ಯಾಯದವರಿಗೆ ನಾಲ್ಕು, ಅದ್ವೈತಿಗಳು ಆರಕ್ಕೆ ಹೋಗುತ್ತಾರೆ. ಇವರೆಲ್ಲರ ಮಧ್ಯೆ ನಾಗಾರ್ಜುನ ಎದ್ದು ನಿಂತು ದೊಡ್ಡಪ್ಪನ ಪ್ರಶ್ನೆಯನ್ನೇ ಕೇಳಿದ. ಎಲ್ಲವನ್ನೂ ಪ್ರಮಾಣ ಸಾಧಿಸುತ್ತದೆ ಅನ್ನುತ್ತೀರಿ, ಸರಿ, ಪ್ರಮಾಣವನ್ನು ಸಾಧಿಸುವುದು ಯಾವುದು?

ಹಾಗಾದರೆ ತತ್ವಶಾಸ್ತ್ರದಲ್ಲಿ ಅಲ್ಲಾಡಿಸಲಾಗದ್ದು ಒಂದೂ ಇಲ್ಲವಾ? ಅರಿಸ್ಟಾಟಲ್ ಒಂದನ್ನು ತೋರಿಸುತ್ತಾನೆ. ಒಂದೇ ಮಾತು ಒಂದೇ ಅರ್ಥದಲ್ಲಿ ಹೌದೂ ಅಲ್ಲವೂ ಆಗಲಾರದು. ಇದನ್ನು ಸಾಧಿಸಲಾಗದು, ಏಕೆಂದರೆ ಸಾಧಿಸುವಾಗಲೇ ಇದನ್ನು ಬಳಸುತ್ತಿರುತ್ತೀರಿ. ಆದರೆ ಅಲ್ಲಗಳೆಯುವವನನ್ನು ಹಿಡಿಯಬಹುದು. ಅವನು ಬಾಯಿಬಿಟ್ಟು ಅರ್ಥವಿರುವ ಒಂದೇ ಒಂದು ಮಾತಾಡಿದರೂ ಸಾಕು, ಅಲ್ಲೇ ಸಿಕ್ಕಿಬಿದ್ದ. ಮಾತಾಡದೆ ಇದ್ದರೆ ಅವನಿಗೂ ಗಿಡಕ್ಕೂ ವ್ಯತ್ಯಾಸವಿಲ್ಲ ಅಂತ ಬೇರೆ ಚುಚ್ಚುತ್ತಾನೆ. ಐದನೇ ಪ್ರತಿಜ್ಞೆ ಬಿಟ್ಟವನು ಇನ್ನೊಂದು ಜ್ಯಾಮಿತಿ ಕಟ್ಟಬಲ್ಲ. ಇದನ್ನು ಬಿಟ್ಟವನು ಏನನ್ನೂ ಕಟ್ಟಲಾರ.

'ಎಲ್ಲರೂ ಸಮಾನರು' ಅನ್ನೋದು ಈ ಜಾತಿಗೆ ಸೇರಿದ್ದಲ್ಲ, ಅದೇ ತೊಂದರೆ. ಅದನ್ನು ಅಲ್ಲಗಳೆದು ಜನ ಸಾವಿರಾರು ವರ್ಷ ಆರಾಮಾಗಿ ಸಂಸಾರ ಮಾಡಿದ್ದಾರೆ.

ಯೂಕ್ಲಿಡ್ ಓದಿದ ವಕೀಲ

ಇಲ್ಲಿ ನನ್ನ ಕೈ ಹಿಡಿದದ್ದು ತತ್ವಜ್ಞಾನಿಯೂ ಅಲ್ಲ, ಗಣಿತಜ್ಞನೂ ಅಲ್ಲ. ಅಬ್ರಹಾಂ ಲಿಂಕನ್. ಶಾಲೆಯ ಓದು ಹೆಚ್ಚಿಲ್ಲದ ಆತ ದೊಡ್ಡವನಾದ ಮೇಲೆ ತಾನೇ ಕೂತು ಯೂಕ್ಲಿಡ್‌ನ ಮೊದಲ ಆರು ಪುಸ್ತಕಗಳನ್ನು ಹೆಚ್ಚುಕಡಿಮೆ ಅರಗಿಸಿಕೊಂಡಿದ್ದ, ತನ್ನ ಬಗ್ಗೆ ಬರೆದುಕೊಳ್ಳುವಾಗ ಅದನ್ನು ಮರೆಯದೆ ಹೇಳಿದ್ದಾನೆ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆ ಮನುಷ್ಯರೆಲ್ಲ ಸಮಾನರಾಗಿ ಸೃಷ್ಟಿಯಾದವರು ಎಂಬುದನ್ನು ಸ್ವಯಂಸಿದ್ಧ ಸತ್ಯ ಅಂತಲೇ ಕರೆದಿತ್ತು. ಅದನ್ನು ಬರೆದ ಜೆಫರ್ಸನ್ ಗುಲಾಮರನ್ನು ಇಟ್ಟುಕೊಂಡಿದ್ದ. 1859ರ ಹೊತ್ತಿಗೆ ಆ ಮಾತನ್ನು ಸ್ವಯಂಸಿದ್ಧ ಸುಳ್ಳು ಅನ್ನುವ ರಾಜಕಾರಣಿಗಳೂ ಇದ್ದರು.

ಆ ವರ್ಷ ಏಪ್ರಿಲ್‌ನಲ್ಲಿ, ಜೆಫರ್ಸನ್ ಹುಟ್ಟುಹಬ್ಬದ ಸಮಾರಂಭಕ್ಕೆ ಬರಲಾಗದು ಎಂದು ಬರೆದ ಕಾಗದದಲ್ಲಿ ಲಿಂಕನ್ ಯೂಕ್ಲಿಡ್‌ನನ್ನು ತರುತ್ತಾನೆ. ಯೂಕ್ಲಿಡ್‌ನ ಸರಳ ಪ್ರಮೇಯಗಳನ್ನು ಯಾವ ಬುದ್ಧಿ ನೆಟ್ಟಗಿರುವ ಮಗುವಿಗೂ ಒಪ್ಪಿಸಬಹುದು, ಆದರೆ ವ್ಯಾಖ್ಯೆ ಮತ್ತು ಸ್ವಯಂಸಿದ್ಧಗಳನ್ನೇ ಒಲ್ಲೆ ಅನ್ನುವವನ ಮುಂದೆ ಸೋಲಲೇಬೇಕು ಎಂಬರ್ಥದ ಮಾತು. ಜೆಫರ್ಸನ್‌ನ ತತ್ವಗಳು ಸ್ವತಂತ್ರ ಸಮಾಜದ ಸ್ವಯಂಸಿದ್ಧಗಳು ಅನ್ನುತ್ತಾನೆ. ಓದಿ ನಕ್ಕುಬಿಟ್ಟೆ. ನಮ್ಮೂರ ಜಗಲಿ ಮೇಲೆ ಸೋತವನು ನಾನೊಬ್ಬನೇ ಅಲ್ಲ!

ನಾಲ್ಕು ವರ್ಷ ಕಳೆದು, ಅಂತರ್ಯುದ್ಧದ ನಡುವೆ, 1863ರ ನವೆಂಬರ್‌ನ ಗೆಟಿಸ್‌ಬರ್ಗ್ ಭಾಷಣದಲ್ಲಿ ಲಿಂಕನ್ ಅದೇ ಸಮಾನತೆಗೆ ಬೇರೆ ಪದ ಬಳಸುತ್ತಾನೆ. ಈ ಸಲ ಅದು ಪ್ರಮೇಯ. ಯೂಕ್ಲಿಡ್ ಓದಿದವನಿಗೆ ಆ ಪದದ ತೂಕ ಗೊತ್ತಿರದೇ ಇರುತ್ತದೆಯೇ? ಸ್ವಯಂಸಿದ್ಧ ಅಂದರೆ ಆಗಲೇ ಕೈಯಲ್ಲಿರುವುದು, ಪ್ರಮೇಯ ಅಂದರೆ ಇನ್ನೂ ಸಾಧಿಸಿ ತೋರಿಸಬೇಕಾದ್ದು. ಸಾಧನೆ ಕಾಗದದ ಮೇಲೆ ಆಗುವಂಥದ್ದಲ್ಲ, ನಡೆದು ತೋರಿಸಬೇಕಾದ್ದು ಅಂತ ನಾನು ಅರ್ಥ ಮಾಡಿಕೊಂಡೆ.

ನಮ್ಮಲ್ಲಿ ಇದನ್ನು ಇನ್ನೂ ನಿಷ್ಠುರವಾಗಿ ಹೇಳಿದವರು ಅಂಬೇಡ್ಕರ್. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು, ಜನವರಿ 26ರಿಂದ ನಾವು ವಿರೋಧಾಭಾಸಗಳ ಬದುಕಿಗೆ ಕಾಲಿಡುತ್ತಿದ್ದೇವೆ ಎಂದು ಎಚ್ಚರಿಸಿದರು. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ. ಹಿಲ್ಬರ್ಟ್ ಭಾಷೆಯಲ್ಲಿ ಹೇಳುವುದಾದರೆ, ಒಂದೇ ವ್ಯವಸ್ಥೆಯಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ಸ್ವಯಂಸಿದ್ಧ. ತರ್ಕದಲ್ಲಿ ಇಂಥ ವ್ಯವಸ್ಥೆಯಿಂದ ಏನನ್ನು ಬೇಕಾದರೂ ಸಾಧಿಸಬಹುದು, ಅಂದರೆ ಅದು ಕೆಲಸಕ್ಕೆ ಬಾರದ್ದು. ಮನುಷ್ಯರು ಮಾತ್ರ ಅದರೊಳಗೇ ಮನೆ ಕಟ್ಟಿಕೊಂಡು ಇರಬಲ್ಲರು. ದೊಡ್ಡಪ್ಪನ ನಡುಮನೆಯ ಗೋಡೆ ಮೇಲೆ ಬಸವಣ್ಣನವರ ಫೋಟೋ ಇದೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆ, ಅದಕ್ಕೆ ಆ ಎರಡು ಮನೆಯವರು ತೆತ್ತ ಬೆಲೆ, ಈ ಕತೆಯನ್ನು ಚಿಕ್ಕಂದಿನಲ್ಲಿ ನನಗೆ ಹೇಳಿದವರು ದೊಡ್ಡಪ್ಪನೇ.

ಇನ್ನೊಂದು ವಿಷಯ ಓದಿ ನನಗೆ ಧೈರ್ಯ ಬಂತು. ರಸೆಲ್ ಮತ್ತು ವೈಟ್‌ಹೆಡ್ ಸೇರಿ 1910ರಲ್ಲಿ 'ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ'ದ ಮೊದಲ ಸಂಪುಟ ತಂದರು. ಕೆಲವೇ ಸ್ವಯಂಸಿದ್ಧಗಳಿಂದ ಹೊರಟು ಒಂದು ಕೂಡಿಸು ಒಂದು ಎರಡು ಎಂಬುದರ ಹತ್ತಿರಕ್ಕೆ ಬರಲು ಅವರಿಗೆ ಮುನ್ನೂರಕ್ಕೂ ಹೆಚ್ಚು ಪುಟ ಬೇಕಾಯಿತು. ನಗು ಬರುವ ವಿಷಯವೇ. ಆದರೆ ರಸೆಲ್ ಹೇಳಿದ್ದು ಕೇಳಿ. ಒಂದು ಕೂಡಿಸು ಒಂದು ಎರಡು ಎಂದು ನಾವು ನಂಬುವುದು ಆ ಸ್ವಯಂಸಿದ್ಧಗಳ ಭರವಸೆಯಿಂದಲ್ಲ. ತಿರುಗಾಮುರುಗಾ. ಆ ಸ್ವಯಂಸಿದ್ಧಗಳಿಂದ ನಮಗೆ ಆಗಲೇ ಗಟ್ಟಿಯಾಗಿ ಗೊತ್ತಿರುವ ಇಂಥ ಸಂಗತಿಗಳು ಸರಿಯಾಗಿ ಬರುತ್ತವೆ, ತಪ್ಪು ಸಂಗತಿಗಳು ಬರುವುದಿಲ್ಲ, ಅದಕ್ಕೇ ಅವುಗಳನ್ನು ನಂಬುತ್ತೇವೆ. ಬೇರು ಕೆಳಗಿದೆ ನಿಜ, ಆದರೆ ಮರದ ಜಾತಿ ನಾವು ಗುರುತಿಸುವುದು ಕಾಯಿ ನೋಡಿ. ನೀತಿಯ ವಿಷಯದಲ್ಲಿ ಜಾನ್ ರಾಲ್ಸ್ 1971ರ ತನ್ನ ಪುಸ್ತಕದಲ್ಲಿ ಹತ್ತಿರ ಹತ್ತಿರ ಇದೇ ದಾರಿ ಹಿಡಿದ. ತತ್ವದಿಂದ ಘಟನೆಗೆ, ಘಟನೆಯಿಂದ ತತ್ವಕ್ಕೆ ಹೋಗಿಬಂದು, ಎರಡನ್ನೂ ತಿದ್ದಿಕೊಳ್ಳುತ್ತಾ ಹೊಂದಿಸುವುದು.

ಹಾಗಾದರೆ 'ಪ್ರೂವ್ ಮಾಡು' ಅಂದಾಗ ನಾನು ತತ್ವದ ಕಡೆ ಓಡಬಾರದಿತ್ತು. ದೊಡ್ಡಪ್ಪನಿಗೆ ಒಂದು ಕೂಡಿಸು ಒಂದರಷ್ಟೇ ಖಚಿತವಾಗಿ ಗೊತ್ತಿರುವ ಸಂಗತಿ ಯಾವುದು ಎಂದು ಹುಡುಕಬೇಕಿತ್ತು. ಅಂಥದ್ದೊಂದು ಇತ್ತು, ನನಗೆ ನೆನಪೂ ಇತ್ತು. ಅವರು ಪ್ರೈಮರಿ ಶಾಲೆಯಲ್ಲಿದ್ದಾಗ ಜೊತೆಗೊಬ್ಬ ಹುಡುಗ ಓದುತ್ತಿದ್ದ. ಬಾಯಾರಿದರೆ ಅವನು ಚೊಂಬು ಮುಟ್ಟುವ ಹಾಗಿರಲಿಲ್ಲ, ಬೊಗಸೆ ಒಡ್ಡಿ ನಿಲ್ಲಬೇಕು, ಬೇರೆ ಯಾರಾದರೂ ಮೇಲಿಂದ ಸುರಿಯಬೇಕು. ಸುರಿಯುತ್ತಿದ್ದವರಲ್ಲಿ ದೊಡ್ಡಪ್ಪನೂ ಒಬ್ಬರು. 'ಅವನು ತಲೆ ಬಗ್ಗಿಸ್ಕಂಡು ಕುಡಿಯೋನು. ನೀರೆಲ್ಲ ಅಂಗಿ ಮೇಲೆ. ಈಗ್ಲೂ ನೆನೆಸ್ಕಂಡ್ರೆ ನಂಗೆ ಒಂಥರ ಆಗುತ್ತೆ ಕಣೋ' ಅಂತ ಒಮ್ಮೆ ಹೇಳಿದ್ದರು.

ಶ್ರಾವಣದಲ್ಲಿ ಮತ್ತೆ ಊರಿಗೆ ಹೋದೆ. ಈ ಸಲ ಯೂಕ್ಲಿಡ್ ಸುದ್ದಿ ಎತ್ತಲಿಲ್ಲ. ಆ ಹುಡುಗನ ಸುದ್ದಿ ಎತ್ತಿದೆ. ಅದು ತಪ್ಪು ಅಂತ ನಿಮಗೆ ಯಾರು ಪ್ರೂವ್ ಮಾಡಿ ತೋರಿಸಿದ್ರು ದೊಡ್ಡಪ್ಪ, ಅಂತ ಕೇಳಿದೆ. ಸುಮಾರು ಹೊತ್ತು ಮಾತಿಲ್ಲ. ಅಂಗಳದಲ್ಲಿ ಒಣಹಾಕಿದ್ದ ಕೊಬ್ಬರಿ ಮೇಲೆ ಕಾಗೆ ಕೂತಿತ್ತು, ಅದನ್ನು ಓಡಿಸಿದರು. ಆಮೇಲೆ, 'ಅದು ಬೇರೆ, ಇದು ಬೇರೆ' ಅಂದರು.

ಹೇಗೆ ಬೇರೆ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತೇನೋ. ಈ 'ಅದು ಬೇರೆ, ಇದು ಬೇರೆ' ಗಣಿತದಲ್ಲಿ ನ್ಯಾಯವಾದ ಮಾತು, ಗೋಳದ ಮೇಲಿನ ತ್ರಿಭುಜ ಬೇರೆ, ಕಾಗದದ ಮೇಲಿನದು ಬೇರೆ, ಒಂದು ಇನ್ನೊಂದರ ಮನೆ ಬಾಗಿಲು ತಟ್ಟುವುದಿಲ್ಲ. ಇಲ್ಲಿ ಬೊಗಸೆ ಒಡ್ಡಿದ ಆ ಹುಡುಗ, ಮೈಸೂರಿನ ಈ ಹುಡುಗ, ನನ್ನ ತಂಗಿ, ದೊಡ್ಡಪ್ಪ, ನಾನು ಎಲ್ಲರೂ ಒಂದೇ ನೆಲದ ಮೇಲಿದ್ದೇವೆ. ತ್ರಿಭುಜಕ್ಕೆ ಯಾವ ಪ್ರತಿಜ್ಞೆ ಹೊರಿಸಿದರೂ ನೋವಾಗುವುದಿಲ್ಲ. ನನ್ನ ತಂಗಿ ಯುಗಾದಿಯಿಂದ ಈಚೆಗೆ ಅಪ್ಪನ ಜೊತೆ ಕೂತು ಊಟ ಮಾಡಿಲ್ಲ.

ಹೋದ ವಾರ ಅವರಿಬ್ಬರೂ ವಿಶೇಷ ವಿವಾಹ ಕಾಯ್ದೆಯಡಿ ನೋಟಿಸ್ ಕೊಟ್ಟರು. ಮೂವತ್ತು ದಿನ ಕಾಯಬೇಕು. ವಿಷಯವನ್ನು ದೊಡ್ಡಪ್ಪನಿಗೆ ತಿಳಿಸುವ ಕೆಲಸ ಮತ್ತೆ ನನ್ನ ಪಾಲಿಗೇ ಬಂತು. ಫೋನ್ ಮಾಡಿ ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿದ್ದೆ, ಬರಲಿಲ್ಲ.

'ಯಾವತ್ತು ಬೀಳುತ್ತೆ ಅದು?' ಅಂತ ಕೇಳಿದರು. ತಾರೀಖು ಹೇಳಿದೆ. ಆ ಕಡೆ ಕ್ಯಾಲೆಂಡರ್ ಹಾಳೆ ತಿರುವುವ ಸದ್ದು.

'ಅವತ್ತು ಕೊಬ್ಬರಿ ಹರಾಜಿದೆಯಲ್ಲೋ' ಅಂದು ಫೋನ್ ಇಟ್ಟರು.